ಕರಿ ಹಿಟ್ಟು, ಹಳದಿ ಬಣ್ಣ

ಫೆಬ್ರವರಿ 4

ಪ್ರೀತಿಯ ಮಾವ,

ಅತ್ತೆಗೆ ಫೋನು ಮಾಡಿದಾಗಲೆಲ್ಲ ನೀವು ಪಕ್ಕದಲ್ಲೇ ಇದ್ದೀರಿ ಅಂತ ಗೊತ್ತಾಗುತ್ತದೆ, ಏಕೆಂದರೆ ಟಿ.ವಿ. ಇಡೀ ಬೀದಿಗೆ ಕೇಳುತ್ತಿರುತ್ತದೆ. ಮೂವತ್ತೆಂಟು ವರ್ಷ ಬಣ್ಣ ಅರೆಯುವ ಯಂತ್ರಗಳ ನಡುವೆ ನಿಂತ ಕಿವಿಗೆ ಫೋನಿನಲ್ಲಿ ಏನು ಹೇಳಿದರೂ ಅರ್ಧ ಸೋರಿಹೋಗುತ್ತದೆ. ಅದಕ್ಕೇ ಪತ್ರ. ನಿಮ್ಮನ್ನು ಒಂದು ಕೆಲಸದ ಮಾತು ಕೇಳಬೇಕಿತ್ತು. ನನಗಲ್ಲ, ನಮ್ಮ ಲ್ಯಾಬಿನ ಒಬ್ಬ ಹುಡುಗಿಗೆ.

ನಮ್ಮ ಕೆಲಸ ಏನು ಅಂತ ಕಳೆದ ಸಲ ಬಂದಾಗ ವಿವರಿಸಿದ್ದೆ. ನೀವು ಗಂಭೀರವಾಗಿ ತಲೆಯಾಡಿಸಿ, ಕೊನೆಗೆ "ಒಟ್ನಲ್ಲಿ ಬ್ಯಾಟರಿ ಅಂಗಡಿ ಅನ್ನು" ಅಂದಿರಿ. ಬ್ಯಾಟರಿ ಅಲ್ಲ ಮಾವ. ನಮ್ಮದು ಒಂದು ಕರಿ ಪುಡಿ. ಇದ್ದಿಲಿನ ಜಾತಿಯದೇ, ಆದರೆ ಸಾವಿರ ಕಣಗಳನ್ನು ಸಾಲಾಗಿ ನಿಲ್ಲಿಸಿದರೂ ಒಂದು ಕೂದಲಿನ ದಪ್ಪ ಆಗುವುದಿಲ್ಲ. ಅಷ್ಟು ಸಣ್ಣ ಕಣದ ಮೈಯಲ್ಲೂ ತೂತುಗಳು. ಒಂದು ಚಮಚ ಪುಡಿಯ ಒಳಮೈ ಹೊರಮೈ ಎಲ್ಲ ಬಿಡಿಸಿ ಹಾಸಿದರೆ ಫುಟ್‌ಬಾಲ್ ಮೈದಾನ ಮುಚ್ಚಬಹುದು. ವಿದ್ಯುತ್ತು ಬಂದು ಆ ಮೈಮೇಲೆ ಕೂರುತ್ತದೆ. ಬ್ಯಾಟರಿಯಲ್ಲಾದರೆ ಒಳಗೆ ಹೋಗಿ ಸಂಸಾರ ಹೂಡುತ್ತದೆ, ಹೊರಡಿಸುವುದು ಕಷ್ಟ. ಇಲ್ಲಿ ಬೆಂಚಿನ ಮೇಲೆ ಕೂತ ಹಾಗೆ ಕೂತು, ಕರೆದಾಗ ಎದ್ದು ಬರುತ್ತದೆ. ಹಾಗಾಗಿ ಕೆಲವೇ ನಿಮಿಷಗಳಲ್ಲಿ ತುಂಬಿಸಬಹುದು.

ಇಲ್ಲಿ ನದಿ ದಾಟಿಸುವ ಬೋಟು ಈಗ ಡೀಸೆಲ್‌ನಲ್ಲಿ ಓಡುತ್ತದೆ. ಎರಡೂ ದಡದ ನಿಲ್ದಾಣಗಳ ಚಾವಣಿಗೆ ಸೌರ ಫಲಕ ಹಾಕಿದ್ದಾರೆ. ಆ ಬಿಸಿಲನ್ನು ಬೋಟಿನೊಳಗೆ ಕೂಡಿಡುವ ಪೆಟ್ಟಿಗೆ ನಮ್ಮದು. ಜನ ಇಳಿದು ಹತ್ತುವಷ್ಟರಲ್ಲಿ ತುಂಬಬೇಕು, ಆಚೆ ದಡದವರೆಗೆ ಓಡಬೇಕು, ಅಲ್ಲಿ ಮತ್ತೆ ತುಂಬಬೇಕು.

ಅದಕ್ಕೆ ಪುಡಿಯನ್ನು ನೀರು, ಅಂಟುನೀರು ಹಾಕಿ ಹಿಟ್ಟಿನಂತೆ ಕಲಸಿ, ತೆಳು ಲೋಹದ ಹಾಳೆಗೆ ಬಳಿದು ಒಣಗಿಸಬೇಕು. ಲೋಟದಲ್ಲಿ ಕಲಸಿದರೆ ನಯವಾಗಿ ಬರುತ್ತದೆ. ಇಪ್ಪತ್ತು ಕಿಲೋ ಕಲಸಿದರೆ ಗಂಟುಗಂಟು. ಗಂಟಿದ್ದ ಹಾಳೆ ಅರ್ಧದಷ್ಟು ವಿದ್ಯುತ್ತನ್ನೂ ಹಿಡಿಯುವುದಿಲ್ಲ. ಆ ಹುಡುಗಿ ಎರಡು ಸಲ ಕಲಸಿ, ಎರಡು ಸಲವೂ ಹಾಳು ಮಾಡಿದ್ದಾಳೆ. ಮಾರ್ಚ್ ಮೂವತ್ತೊಂದರೊಳಗೆ ಮುನ್ನೂರು ಒಳ್ಳೆಯ ಹಾಳೆ ಕೊಡದಿದ್ದರೆ ಬೋಟಿನ ಕಚೇರಿಯವರು ಹೊಸ ಡೀಸೆಲ್ ಎಂಜಿನ್ ತರಿಸುತ್ತಾರೆ. ನಮ್ಮ ಕೋಣೆ ಬೇರೆಯವರ ಪಾಲಾಗುತ್ತದೆ, ಐದು ವರ್ಷದ ಕೆಲಸ ಕಪಾಟಿಗೆ ಹೋಗುತ್ತದೆ. ಪಾಪ, ಅವಳಿಗೆ ಊಟ ಸೇರುತ್ತಿಲ್ಲವಂತೆ.

ಪುಡಿ ಕಲಸುವುದರಲ್ಲಿ ನಿಮ್ಮನ್ನು ಬಿಟ್ಟರೆ ನನಗೆ ಬೇರೆ ಯಾರೂ ಗೊತ್ತಿಲ್ಲ. ಅವಳಿಗೆ ಏನು ಹೇಳಲಿ?

ಅಂಚೆಯವನ ದಾರಿ ಕಾಯುವ,
ಮೆಣಸಿನಕಾಳು


ಫೆಬ್ರವರಿ 11

ಮೆಣಸಿನಕಾಳೇ,

ನಿನ್ನ ಪತ್ರ ಮೂರು ಸಲ ಓದಿದೆ. ಒಂದು ಸಲ ಖುಷಿಗೆ, ಒಂದು ಸಲ ಅರ್ಥಕ್ಕೆ, ಒಂದು ಸಲ ನಿನ್ನ ಅತ್ತೆಗೆ ಕೇಳುವಂತೆ. ಒಂದು ಚಮಚದಲ್ಲಿ ಫುಟ್‌ಬಾಲ್ ಮೈದಾನ ಇದೆ ಅಂದಿದ್ದಕ್ಕೆ ಅವಳು, ಹಾಗಾದರೆ ನಮ್ಮ ಅಟ್ಟದಲ್ಲಿ ನಾಲ್ಕು ಪೆಟ್ಟಿಗೆಗೆ ಯಾಕೆ ಜಾಗವಿಲ್ಲ ಅಂತ ಕೇಳಿದಳು.

ಈಗ ಆ ಹುಡುಗಿಯ ವಿಷಯ. ಎರಡೆರಡು ಸಲ ಇಪ್ಪತ್ತು ಕಿಲೋ ಹಾಳು ಮಾಡಿದವರನ್ನು ನಮ್ಮಲ್ಲಾಗಿದ್ದರೆ ಒಂದು ತಿಂಗಳು ಡಬ್ಬ ತೊಳೆಯಲು ಹಾಕುತ್ತಿದ್ದೆ. ನೀರನ್ನೆಲ್ಲ ಒಂದೇ ಸಲ ಸುರಿದು ಅದರ ಮೇಲೆ ಪುಡಿ ಸುರಿದಿರುತ್ತಾಳೆ. ಪುಡಿ ಒಳಗೊಳಗೆ ಒಣಗಿಯೇ ಇದ್ದು, ಹೊರಗೆ ಮಾತ್ರ ಒದ್ದೆಯಾಗಿ ಮುದ್ದೆ ಕಟ್ಟುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಅಷ್ಟೇ. ಮೊದಲು ಮೂರನೇ ಒಂದು ಪಾಲು ನೀರಲ್ಲಿ ಗಟ್ಟಿಯಾಗಿ ಕಲಸಬೇಕು. ಯಂತ್ರ ನರಳಬೇಕು. ಒಂದು ಗಂಟೆ ನರಳಲಿ, ಪಾಪ ಅನ್ನಬಾರದು. ಗಟ್ಟಿ ಇದ್ದಾಗಲೇ ಕಣ ಕಣಕ್ಕೆ ಉಜ್ಜಿ ಗಂಟು ಬಿಡುವುದು. ಆಮೇಲೆ ಅಂಟುನೀರನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ತೆಳ್ಳಗೆ ಮಾಡಬೇಕು. ಅವಸರ ಮಾಡಿದರೆ ಬಿಟ್ಟುಕೊಂಡ ಕಣಗಳೆಲ್ಲ ಗಾಬರಿಯಾಗಿ ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಈ ಪತ್ರದ ಜೊತೆ ನನ್ನ ಉಕ್ಕಿನ ಪಟ್ಟಿ ಕಳಿಸಿದ್ದೇನೆ. ಅದರಲ್ಲಿ ಒಂದು ತುದಿಯಲ್ಲಿ ಆಳವಾಗಿದ್ದು ಇನ್ನೊಂದು ತುದಿಗೆ ಇಲ್ಲವಾಗುವ ತೋಡು ಇದೆ. ಆಳದ ಕಡೆ ಒಂದು ತೊಟ್ಟು ಹಿಟ್ಟು ಇಟ್ಟು, ಚಪ್ಪಟೆ ಅಲಗಿನಿಂದ ಎಳೆ. ಎಲ್ಲಿ ಗೆರೆ ಬೀಳಲು ಶುರುವಾಗುತ್ತದೋ ಅಲ್ಲಿಯ ಅಂಕಿಯೇ ಗಂಟಿನ ಗಾತ್ರ. ಸುಳ್ಳು ಹೇಳಿ ಅದಕ್ಕೆ ಅಭ್ಯಾಸವಿಲ್ಲ.

ಆ ಹುಡುಗಿಗೆ ಎರಡು ತುತ್ತು ಜಾಸ್ತಿ ಉಣ್ಣಲು ಹೇಳು. ಉಗುರು ಕಚ್ಚುವುದನ್ನು ಬಿಟ್ಟರೆ ಊಟಕ್ಕೆ ಬಾಯಿ ಬಿಡುವಾಗುತ್ತದೆ ಅಂತಲೂ ಹೇಳು.

ನಿನ್ನನ್ನು ಹೆಗಲ ಮೇಲೆ ಹೊತ್ತು ಭುಜ ನೋಯಿಸಿಕೊಂಡ,
ಮಾವ


ಫೆಬ್ರವರಿ 19

ಮಾವ,

ಉಗುರಿನ ಸಾಲು ಓದಿ ಐದು ನಿಮಿಷ ನಕ್ಕು, ಹತ್ತು ನಿಮಿಷ ಅತ್ತುಬಿಟ್ಟೆ. ಹೌದು, ಆ ಹುಡುಗಿ ನಾನೇ. ಐದು ವರ್ಷದಿಂದ ಲೋಟದಲ್ಲಿ ಕಲಸಿ ಎಲ್ಲರ ಹೊಗಳಿಕೆ ತಿಂದು, ದೊಡ್ಡ ಯಂತ್ರದ ಮುಂದೆ ನಿಂತ ದಿನವೇ ಮುಗ್ಗರಿಸಿದೆ ಅಂತ ನಿಮಗೆ ಬರೆಯಲು ಆಗಲಿಲ್ಲ. ಮನೆಯಲ್ಲಿ ನನ್ನ ಬುದ್ಧಿಯ ಬಗ್ಗೆ ಅತಿ ಹೆಚ್ಚು ಕೊಚ್ಚಿಕೊಂಡವರು ನೀವೇ ತಾನೆ?

ನೀವು ಹೇಳಿದಂತೆಯೇ ಮಾಡಿದೆ. ಗಟ್ಟಿಯಾಗಿ ಕಲಸಿದೆ. ಯಂತ್ರ ನರಳಿದ್ದಕ್ಕೆ ಪಕ್ಕದ ಕೋಣೆಯವರು ಬಂದು ಏನಾಯಿತು ಅಂತ ಕೇಳಿಕೊಂಡು ಹೋದರು. ಒಂದು ಗಂಟೆಯ ನಂತರ ನಿಮ್ಮ ಪಟ್ಟಿಯ ಮೇಲೆ ಎಳೆದರೆ ಕೊನೆಯವರೆಗೆ ಒಂದು ಗೆರೆ ಇಲ್ಲ. ನಾನು ಕುಣಿಯುವುದೊಂದು ಬಾಕಿ. ಆಮೇಲೆ ಅಂಟುನೀರನ್ನು ಹನಿಹನಿಯಾಗಿ ಬಿಟ್ಟೆ, ಎರಡು ಗಂಟೆ. ಮುಗಿಯುವಷ್ಟರಲ್ಲಿ ಹಾಲು ಒಡೆದ ಹಾಗೆ ಒಡೆದುಹೋಯಿತು. ಪಟ್ಟಿಯ ಮೇಲೆ ಅರ್ಧದಿಂದಲೇ ಗೆರೆ. ಮೂರನೇ ಇಪ್ಪತ್ತು ಕಿಲೋ ಕೂಡ ಹೋಯಿತು.

ನಮ್ಮ ಮುಖ್ಯಸ್ಥೆಯನ್ನು ನಾವು ಗಡಿಯಾರ ಮೇಡಂ ಅನ್ನುತ್ತೇವೆ, ಮಾತಾಡುವಾಗ ಮುಖ ನೋಡದೆ ಕೈಗಡಿಯಾರ ನೋಡುತ್ತಾರೆ. ಅವರು ಬೈಯಲಿಲ್ಲ. ಇನ್ನು ಒಂದು ಸಲಕ್ಕಾಗುವಷ್ಟು ಮಾತ್ರ ಪುಡಿ ಇದೆ, ಅದನ್ನು ಕಾರಣ ತಿಳಿಯದೆ ಮುಟ್ಟಬೇಡ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಕೋಪ ಮಾಡಿಕೊಳ್ಳಬೇಡಿ, ಒಂದು ಮಾತು. ಇನ್ನು ಮುಂದೆ ಏನು ಹೇಳಿದರೂ ಯಾಕೆ ಅಂತಲೂ, ನಿಮಗೆ ಹೇಗೆ ಗೊತ್ತು ಅಂತಲೂ ಬರೆಯಿರಿ. ಅಭ್ಯಾಸ ಅಂದರೆ ಇಲ್ಲಿ ಯಾರೂ ಒಪ್ಪುವುದಿಲ್ಲ. ಈಗ ನಾನೂ ಒಪ್ಪುವುದಿಲ್ಲ.

ಡಬ್ಬ ತೊಳೆಯಲು ತಯಾರಿರುವ,
ಮೆಣಸಿನಕಾಳು


ಫೆಬ್ರವರಿ 25

ಮೆಣಸಿನಕಾಳೇ,

ಕೋಪ ಬಂದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಇಳಿಯಿತು.

ದೀಪದ ಮಸಿ ಕೂಡಿಸಿ, ಅಂಗಡಿಯಿಂದ ಅಂಟು ತಂದು, ತಾರಸಿಯ ಮೇಲೆ ನಾನೇ ಕಲಸಿ ನೋಡಿದೆ. ನಯವಾಗಿ ಬಂತು. ಮೂರು ಸಲವೂ ಬಂತು. ಕಲಸಲು ಬಳಸಿದ್ದು ಅಡುಗೆಮನೆಯ ಮಿಕ್ಸಿ. ಅದು ಅಡುಗೆಮನೆಗೆ ಮರಳುವ ಸ್ಥಿತಿಯಲ್ಲಿ ಉಳಿದಿಲ್ಲ. ನಿನ್ನ ಅತ್ತೆ ಎರಡು ದಿನ ನನ್ನ ಜೊತೆ ಕಣ್ಣಲ್ಲೇ ಮಾತಾಡಿದಳು, ಅದು ನನಗೆ ಕಿವಿ ಕೇಳಿಸದಿದ್ದರೂ ಚೆನ್ನಾಗಿ ಅರ್ಥವಾಗುತ್ತದೆ. ಹೊಸ ಮಿಕ್ಸಿ ಬಂದಿದೆ.

ನನ್ನ ಹತ್ತಿರ ಬರುವುದು ನಿನ್ನ ಹತ್ತಿರ ಯಾಕೆ ಬರುವುದಿಲ್ಲ? ಕೈಯಲ್ಲಿ ತಪ್ಪಿಲ್ಲ ಅಂದರೆ ಕೋಣೆಯಲ್ಲಿ ತಪ್ಪಿರಬೇಕು. ನಿನ್ನ ಕೋಣೆಯ ಚಿತ್ರ ಬರೆದು ಕಳಿಸು. ಯಂತ್ರ ಎಲ್ಲಿ, ಕಿಟಕಿ ಎಲ್ಲಿ, ಯಾವ ಡಬ್ಬ ಯಾವ ಮೂಲೆಯಲ್ಲಿ, ಒಂದನ್ನೂ ಬಿಡಬೇಡ.

ಮಾತಿಲ್ಲದ ಮನೆಯಿಂದ,
ಮಾವ


ಮಾರ್ಚ್ 3

ಪ್ರೀತಿಯ ಮಾವ,

ಚಿತ್ರ ಕೇಳಿದ್ದು ಓದಿ ಕರಗಿಹೋದೆ. ನಾನು ಎಲ್ಲಿ ಕೂರುತ್ತೇನೆ, ಎಲ್ಲಿ ಉಣ್ಣುತ್ತೇನೆ ಅಂತ ನೋಡುವ ಆಸೆ ನಿಮಗೆ. ಅದನ್ನು ಕೆಲಸದ ಮಾತಿನಲ್ಲಿ ಸುತ್ತಿ ಕೇಳಿದ್ದೀರಿ, ಅಷ್ಟೇ. ಇರಲಿ, ಬಣ್ಣದ ಪೆನ್ಸಿಲ್ ತಂದು ಬರೆದಿದ್ದೇನೆ.

ಬಾಗಿಲ ಎಡಕ್ಕೆ ನನ್ನ ಮೇಜು. ಅದರ ಮೇಲೆ ನೀವು, ಅತ್ತೆ, ಅಮ್ಮ ಇರುವ ಫೋಟೊ. ಪಕ್ಕದಲ್ಲಿ ಒಂದು ಕಾಲು ಕುಂಟುವ ಕುರ್ಚಿ, ಅತಿಥಿಗಳಿಗೆ. ಕಿಟಕಿಯ ಕೆಳಗೆ ಕಲಸುವ ಯಂತ್ರ. ಬಿಸಿಲು ನೇರ ಅದರ ಮೇಲೆ ಬೀಳುತ್ತದೆ, ಗಂಟೆಗಟ್ಟಲೆ ಓಡಿದ ಮೇಲೆ ಕೈಯಿಡಲು ಆಗುವುದಿಲ್ಲ. ಬಲಗೋಡೆಗೆ ತಕ್ಕಡಿ, ಪುಡಿಯ ಡ್ರಮ್ಮು. ಹಾಳೆಗೆ ಬಳಿಯುವ ಮೇಜು ನಡುವೆ. ಕೋಣೆಯ ಆಚೆ ಓಣಿಯ ತುದಿಯಲ್ಲಿ ನೀಲಿ ಬಣ್ಣದಲ್ಲಿ ತೋರಿಸಿದ್ದು ತಂಪು ಕಪಾಟು. ಅಂಟುನೀರಿನ ಡಬ್ಬಗಳು ಅಲ್ಲಿರುತ್ತವೆ, ಹೊರಗಿಟ್ಟರೆ ಬೇಗ ಕೆಡುತ್ತದೆ ಅಂತ ನಮ್ಮ ನಿಯಮ. ಬೇಕಾದಾಗ ತಂದು ಹಾಕುತ್ತೇವೆ. ಅದರ ಪಕ್ಕ ಚಹಾ ಮಾಡುವ ಜಾಗ, ಅಲ್ಲಿ ಇಡೀ ಲ್ಯಾಬಿನ ಸುದ್ದಿ ಸಿಗುತ್ತದೆ.

ಚಿತ್ರದಲ್ಲಿ ಉದ್ದ ಜಡೆಯವಳು ನಾನು. ನಿಜಕ್ಕೂ ಇಷ್ಟು ಉದ್ದ ಇಲ್ಲ.

ಕಾರಣವೇನಾದರೂ ಹೊಳೆದರೆ ಬೇಗ ಬರೆಯಿರಿ. ಇಪ್ಪತ್ತೆಂಟು ದಿನ ಉಳಿದಿವೆ.

ನಿಮ್ಮ
ಮೆಣಸಿನಕಾಳು


ಮಾರ್ಚ್ 14

ಮಾವ,

ಉತ್ತರ ಬರಲಿಲ್ಲ. ಅತ್ತೆಯನ್ನು ಫೋನಿನಲ್ಲಿ ಕೇಳಿದರೆ "ಬರೀತಾರೆ, ಹರೀತಾರೆ, ಮತ್ತೆ ಬರೀತಾರೆ" ಅಂದರು. ಯಾಕೆ ಅಂತ ಅವರಿಗೂ ಹೇಳುತ್ತಿಲ್ಲವಂತೆ. ನಾನು ಖಾರವಾಗಿ ಬರೆದದ್ದು ನೋವಾಯಿತೆ? ನಿಮ್ಮ ಕಾರಣ ಬೇಡ, ಕ್ಷೇಮ ಅಂತ ಎರಡು ಸಾಲು ಸಾಕು. ಹದಿನೇಳು ದಿನ ಇವೆ, ಹೇಗೋ ನೋಡಿಕೊಳ್ಳುತ್ತೇನೆ.

ಮೆಣಸಿನಕಾಳು


ಮಾರ್ಚ್ 16

ಮೆಣಸಿನಕಾಳೇ,

ಮೊದಲು ಕ್ಷಮೆ ಕೇಳುತ್ತೇನೆ. ನಿನ್ನ ಚಿತ್ರ ಬಂದ ದಿನವೇ ಕಾರಣ ಕಂಡಿತ್ತು. ನಿನ್ನ ಗಡುವು ಓಡುತ್ತಿರುವಾಗ ನಾನು ನನ್ನ ಮಾನ ಕಾಯುತ್ತ ಕೂತೆ.

ಅಂಟುನೀರನ್ನು ಆ ನೀಲಿ ಕಪಾಟಿನಿಂದ ಹಿಂದಿನ ದಿನವೇ ತೆಗೆದು ಯಂತ್ರದ ಪಕ್ಕ ಇಡು. ಕೈಯಿಟ್ಟರೆ ಯಂತ್ರವೂ ಡಬ್ಬವೂ ಒಂದೇ ಹದಕ್ಕೆ ಇವೆ ಅನ್ನಿಸಬೇಕು. ಆಮೇಲೆ ಕಲಸು. ಬಿಸಿ ಹಿಟ್ಟಿಗೆ ತಣ್ಣನೆಯದು ಬಿದ್ದರೆ, ಹನಿಹನಿಯಾಗಿ ಬಿದ್ದರೂ, ಒಡೆಯುತ್ತದೆ. ನನ್ನ ತಾರಸಿಯ ಮೇಲೆ ಎಲ್ಲವೂ ಒಂದೇ ಬಿಸಿಲಲ್ಲಿತ್ತು, ಅದಕ್ಕೇ ಬಂತು. ಕಾರ್ಖಾನೆಯಲ್ಲಿ ಅಂಟಿನ ಡ್ರಮ್ಮುಗಳು ಯಾವಾಗಲೂ ಯಂತ್ರದ ಪಕ್ಕದಲ್ಲೇ ನಿಂತಿರುತ್ತಿದ್ದವು. ನಿಂತಿರುತ್ತಿದ್ದವು, ಅಷ್ಟೇ. ಅದು ನಿಯಮ ಅಂತ ನಮಗೆ ಯಾರೂ ಹೇಳಿರಲಿಲ್ಲ, ನಾನೂ ನಿನಗೆ ಹೇಳಲಿಲ್ಲ.

ಇನ್ನು ಇದು ನನಗೆ ಹೇಗೆ ಗೊತ್ತು ಅನ್ನುವುದು. ನೀನು ಕೇಳಿದ್ದೀಯ, ಆದ್ದರಿಂದ ಬರೆಯುತ್ತೇನೆ.

ಧೂಳು ಸಾಕಾಯಿತು, ಅದಕ್ಕೇ ಕೆಲಸ ಬಿಟ್ಟೆ ಅಂತ ನಾನು ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ಹನ್ನೊಂದು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಗ್ಗೆ, ಶಾಲಾ ಬಸ್ಸುಗಳಿಗೆ ಹಳದಿ ಬಣ್ಣ ತಯಾರಾಗುತ್ತಿತ್ತು. ಎರಡು ಸಾವಿರ ಲೀಟರ್. ಯಂತ್ರದ ಪಕ್ಕದ ಡ್ರಮ್ಮು ಖಾಲಿಯಾಗಿತ್ತು. ಅಂಗಳದಲ್ಲಿ ಮಂಜು ಬಿದ್ದು ತಣ್ಣಗಾಗಿದ್ದ ಡ್ರಮ್ಮನ್ನು ಉರುಳಿಸಿ ತಂದು, ಬಿಸಿಯಾಗಿ ಓಡುತ್ತಿದ್ದ ಬಣ್ಣಕ್ಕೆ ಬಿಡಲು ಹೇಳಿದವನು ನಾನು. ಒಬ್ಬಿಬ್ಬರು ಸ್ವಲ್ಪ ಹೊತ್ತು ಕಾಯೋಣವೇ ಅಂದರು. ನಾನು ಕಾಯಲಿಲ್ಲ. ಎರಡು ಸಾವಿರ ಲೀಟರ್ ಮರಳು ಮರಳಾಯಿತು. ಮ್ಯಾನೇಜರು ಒಳ್ಳೆಯವರು, ಹೋಗಲಿ ಬಿಡಿ ಮೇಸ್ತ್ರಿ ಅಂದರು. ನನಗೇ ತಡೆಯಲಾಗಲಿಲ್ಲ. ನನ್ನ ಕೈಯಲ್ಲಿ ಹೀಗಾಗಬಾರದಿತ್ತು ಅಂತ ಅದೇ ವಾರ ಕೆಲಸ ಬಿಡುವ ಚೀಟಿ ಬರೆದುಕೊಟ್ಟು ಬಂದೆ. ಅಂದಿನಿಂದ ಆ ಗೇಟಿನ ಮುಂದೆ ಹಾದುಹೋಗಿಲ್ಲ. ಪೇಟೆಗೆ ಹೋಗಲು ಎರಡು ಬೀದಿ ಸುತ್ತುತ್ತೇನೆ.

ಯಾಕೆ ಅವಸರ ಅಂತ ಕೇಳುತ್ತೀಯ. ನೀನು ಓದಲು ಹೊರಟ ದಿನ ಅದು. ಹತ್ತೂವರೆಯ ರೈಲು. ಕಿವಿಯ ಹಿಂದೆ ಹಳದಿ ಹಚ್ಚಿಕೊಂಡು ಓಡಿ ಬಂದೆ, ನೀನು ಕಿಟಕಿಯಿಂದ ಬಗ್ಗಿ ಒರೆಸಿದೆ. ನಿನ್ನ ತಲೆಗೆ ಇದು ಹೊರೆಯಾಗಬಾರದು ಅಂತಲೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ತಪ್ಪು ರೈಲಿನದ್ದೂ ಅಲ್ಲ, ನಿನ್ನದೂ ಅಲ್ಲ. ಡ್ರಮ್ಮಿಗೆ ಬಿಸಿನೀರು ಹೊಯ್ದು ಅರ್ಧ ಗಂಟೆ ಕಾದಿದ್ದರೆ ಎರಡೂ ಆಗುತ್ತಿತ್ತು.

ಫೋನು ಮಾಡಿಸಿದರೆ ನಿನ್ನ ಅತ್ತೆಗೆ ಎಲ್ಲ ತಿಳಿಯುತ್ತದೆ. ಅದಕ್ಕೇ ಅಂಚೆ. ಅವಳಿಗೆ ಹೇಳಬೇಡ.

ಹಗುರವಾಗಿದ್ದೇನೋ ಇಲ್ಲವೋ ಇನ್ನೂ ತಿಳಿಯದ,
ಮಾವ

(ಅದೇ ಲಕೋಟೆಯಲ್ಲಿ, ಸಾಮಾನಿನ ಚೀಟಿಯ ಹಿಂದೆ)

ಮಾರ್ಚ್ 17

ಮಗಳೇ, ಅಂಚೆಗೆ ಹಾಕು ಅಂತ ಕೊಟ್ಟರು. ಒಂದು ವಾರ ಹರಿದದ್ದು ಏನು ಅಂತ ತಿಳಿಯದೆ ನಿದ್ದೆ ಬರುತ್ತಿರಲಿಲ್ಲ, ಕುದಿಯುವ ನೀರಿನ ಹಬೆಗೆ ಹಿಡಿದು ಬಿಡಿಸಿದೆ. ಇದು ನಿನಗೆ ಸಿಗುವ ಮೊದಲೇ ಫೋನು ಮಾಡಿ ಎಲ್ಲ ಹೇಳಿಬಿಡುತ್ತೇನೆ, ನಿನ್ನ ಗಡುವು ಅಂಚೆಗೆ ಕಾಯುವುದಿಲ್ಲ. ಹಳದಿ ಬಣ್ಣದ ಕಥೆ ನನಗೆ ಮೊದಲ ವಾರವೇ ಗೊತ್ತು. ಅವರ ಜೊತೆ ಕೆಲಸ ಮಾಡುತ್ತಿದ್ದವರು ಕಾರ್ಖಾನೆಯಲ್ಲೇ ಬಿಟ್ಟುಬಂದ ಊಟದ ಡಬ್ಬಿ ತಂದುಕೊಟ್ಟು, ಮೇಸ್ತ್ರಿಯನ್ನು ವಾಪಸ್ ಕಳಿಸಿ ಅಂತ ಬಾಗಿಲಲ್ಲಿ ನಿಂತು ಕೇಳಿದ್ದರು. ತಾವಾಗಿ ಹೇಳಲಿ ಅಂತ ಕಾದೆ. ಹನ್ನೊಂದು ವರ್ಷ ಆಯಿತು, ಒಣಗಲು ಇಷ್ಟು ಹೊತ್ತು ತೆಗೆದುಕೊಂಡ ಬಣ್ಣ ಇನ್ನೊಂದಿಲ್ಲ. ನನಗೆ ಗೊತ್ತು ಅಂತ ಅವರಿಗೆ ಹೇಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. — ಅತ್ತೆ


ಮಾರ್ಚ್ 24

ನನ್ನ ಮುದ್ದು ಮಾವ,

ಬಂತು. ಬಂತು, ಬಂತು. ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದೂ ಗೆರೆಯಿಲ್ಲ, ಅಂಟುನೀರು ಪೂರ್ತಿ ಬಿದ್ದ ಮೇಲೂ ಇಲ್ಲ, ಮರುದಿನ ನೋಡಿದರೂ ಇಲ್ಲ. ಹಾಳೆಗೆ ಬಳಿದರೆ ಕನ್ನಡಿಯ ಹಾಗೆ ಮುಖ ಕಾಣುತ್ತಿತ್ತು, ಕರಿ ಮುಖ.

ಸುಲಭಕ್ಕೆ ಆಗಲಿಲ್ಲ. ತಂಪು ಕಪಾಟಿನ ನಿಯಮ ಮುರಿಯಲು ಗಡಿಯಾರ ಮೇಡಂ ಅವರ ಒಪ್ಪಿಗೆ ಬೇಕಿತ್ತು, ಉಳಿದಿದ್ದ ಕೊನೆಯ ಪುಡಿಯ ಡ್ರಮ್ಮು ಬೇರೆ. ಯಾರು ಹೇಳಿದ್ದು ಅಂತ ಕೇಳಿದರು. ನಮ್ಮ ಮಾವ, ಬಣ್ಣದ ಮೇಸ್ತ್ರಿ, ಅಂದೆ.

"ಅವರಿಗೆ ಹೇಗೆ ಗೊತ್ತು?"

"ಎರಡು ಸಾವಿರ ಲೀಟರ್ ಹಾಳು ಮಾಡಿ ಕಲ್ತಿದಾರೆ ಮೇಡಂ."

ಮೇಡಂ ಮೊದಲ ಸಲ ಗಡಿಯಾರ ಬಿಟ್ಟು ನನ್ನ ಮುಖ ನೋಡಿದರು. "ಹಾಗಾದ್ರೆ ನಂಬಬಹುದು. ಅಷ್ಟು ದೊಡ್ಡ ಪ್ರಯೋಗಕ್ಕೆ ನಮಗೆ ಯಾರೂ ಅನುಮತಿ ಕೊಡಲ್ಲ."

ಹತ್ತೊಂಬತ್ತರ ಬೆಳಗ್ಗೆ ಡಬ್ಬಗಳನ್ನು ಯಂತ್ರದ ಪಕ್ಕಕ್ಕೆ ತಂದಿಟ್ಟೆ. ಇಪ್ಪತ್ತರಂದು ಕಲಸಿದೆ. ಇವತ್ತಿಗೆ ನೂರ ನಲವತ್ತು ಹಾಳೆ ಒಣಗಿವೆ.

ನಿಮ್ಮ ಪತ್ರ ಮೊನ್ನೆ ಇಪ್ಪತ್ತೆರಡಕ್ಕೆ ಕೈಗೆ ಬಂತು. ಅದರ ಬಗ್ಗೆ ಏನು ಬರೆಯಲಿ? ಆ ದಿನ ಕಿಟಕಿಯಿಂದ ಬಗ್ಗಿ ಹಳದಿ ಒರೆಸಿದ್ದು ನನಗೆ ನೆನಪಿದೆ. ಬೆರಳಿಗೆ ಹತ್ತಿದ್ದು ಮರಳು ಮರಳಾಗಿತ್ತು. ಇವರು ಬಣ್ಣ ಮಾಡುವವರು, ಹೀಗೇ ಇರುತ್ತೇನೋ ಅಂದುಕೊಂಡೆ. ಹೊರೆಯಾಗಲಿಲ್ಲ ಮಾವ. ನನ್ನನ್ನು ಕಳಿಸಲು ಅಷ್ಟು ಓಡಿ ಬಂದವರು ಯಾರೂ ಇಲ್ಲ ಅಂತ ಹೆಮ್ಮೆಯಾಯಿತು. ಕೋಪವೂ ಬಂತು, ಹನ್ನೊಂದು ವರ್ಷ ಒಬ್ಬರೇ ನುಂಗಿಕೊಂಡಿದ್ದಕ್ಕೆ.

ಅತ್ತೆಗೆ ನಾನು ಏನೂ ಹೇಳಿಲ್ಲ. ಆಣೆಗೂ.

ಮೊಣಕೈವರೆಗೆ ಕರಿಯಾಗಿರುವ,
ಮೆಣಸಿನಕಾಳು


ಮಾರ್ಚ್ 30

ಮೆಣಸಿನಕಾಳೇ,

ಹಿಟ್ಟು ನಯವಾಗಿ ಬಂದದ್ದಕ್ಕೆ ಬೀದಿಗೆಲ್ಲ ಸಿಹಿ ಹಂಚಿದೆ. ಯಾಕೆ ಅಂತ ಕೇಳಿದವರಿಗೆ ಸೋದರ ಸೊಸೆ ಬಿಸಿಲು ಕೂಡಿಡುತ್ತಾಳೆ ಅಂದೆ. ಅರ್ಧ ಜನ ನನಗೆ ವಯಸ್ಸಾಯಿತು ಅಂದುಕೊಂಡರು.

ಆದರೆ ನಿನ್ನ ಪತ್ರವನ್ನು ಎರಡನೇ ಸಲ ಓದುವಾಗ ತಾರೀಖುಗಳ ಮೇಲೆ ಕಣ್ಣು ನಿಂತಿತು. ನನ್ನ ಪತ್ರ ನಿನಗೆ ಇಪ್ಪತ್ತೆರಡಕ್ಕೆ ಸಿಕ್ಕಿತು ಅನ್ನುತ್ತೀಯ. ಡಬ್ಬ ಹೊರಗಿಟ್ಟದ್ದು ಹತ್ತೊಂಬತ್ತಕ್ಕೆ. ಎರಡು ಸಾವಿರ ಲೀಟರಿನ ಮಾತು ಮೇಡಂಗೆ ಹೇಳಿದ್ದು ಅದಕ್ಕೂ ಮೊದಲು. ನಾನು ಕಿವುಡ ಇರಬಹುದು, ಲೆಕ್ಕ ಬರುತ್ತದೆ.

ನಿನ್ನ ಅತ್ತೆಯ ಹತ್ತಿರ ಹೋಗಿ ಕೇಳಿದೆ. ಅವಳು ಗಿಡಕ್ಕೆ ನೀರು ಹಾಕಬೇಕು ಅಂತ ಎದ್ದು ಹೋದಳು. ಹೊರಗೆ ಮಳೆ ಸುರಿಯುತ್ತಿತ್ತು. ಕೊಡೆ ಹಿಡಿದು ಹಿಂದೆಯೇ ಹೋದೆ. ಒಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದುಕೊಂಡೇ ಎಲ್ಲ ಹೇಳಿದಳು, ನನ್ನ ಕಿವಿಗೆ ಬಾಯಿಟ್ಟು. ಊಟದ ಡಬ್ಬಿಯ ಕಥೆ, ಹಬೆಗೆ ಹಿಡಿದ ಕಥೆ, ಫೋನಿನ ಕಥೆ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹನ್ನೊಂದು ವರ್ಷ ನಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡ ಮೂಟೆಯ ಇನ್ನೊಂದು ತುದಿಯನ್ನು ಅವಳು ಹಿಡಿದುಕೊಂಡೇ ನಡೆದಿದ್ದಾಳೆ. ಪೇಟೆಗೆ ಎರಡು ಬೀದಿ ಸುತ್ತುವಾಗ ಒಂದು ದಿನವೂ ಯಾಕೆ ಈ ದಾರಿ ಅಂತ ಕೇಳಿರಲಿಲ್ಲ. ಕಾಲು ನೋವಿದ್ದರೂ ಜೊತೆಗೆ ಸುತ್ತಿದ್ದಳು. ಇಬ್ಬರೂ ಮಳೆಯಲ್ಲಿ ನಿಂತು ನಕ್ಕೆವು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು.

ನಾಳೆ ಮೂವತ್ತೊಂದು. ಹಾಳೆಗಳು ಎಷ್ಟಾದವು?

ನೆನೆದು ಶೀತ ಹಿಡಿಸಿಕೊಂಡಿರುವ,
ಮಾವ


ಏಪ್ರಿಲ್ 8

ಪ್ರೀತಿಯ ಮಾವ,

ಮುನ್ನೂರ ಹನ್ನೆರಡು. ಇಪ್ಪತ್ತೊಂಬತ್ತಕ್ಕೇ ಮುಗಿದವು. ಬೋಟಿನ ಕಚೇರಿಯವರು ಬಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಕುಂದು ಸಿಗದೆ ಸಪ್ಪಗೆ ಸಹಿ ಹಾಕಿದರು. ಡೀಸೆಲ್ ಎಂಜಿನ್ನಿನ ಮಾತು ಅಲ್ಲಿಗೆ ಮುಗಿಯಿತು. ಕೋಣೆ ನಮ್ಮದೇ.

ಹಾಳೆಗಳನ್ನು ಜೋಡಿಸಿ, ಪೆಟ್ಟಿಗೆಗಳಲ್ಲಿ ತುಂಬಿ, ಬೋಟಿನ ಹೊಟ್ಟೆಯೊಳಗೆ ಇಳಿಸಿದ್ದೇವೆ. ಮೊನ್ನೆ ಖಾಲಿ ಬೋಟು ಓಡಿಸಿ ನೋಡಿದೆವು. ನಾಲ್ಕು ನಿಮಿಷಕ್ಕೆ ತುಂಬಿತು. ಬೋಟು ನಡೆಸುವ ಹೆಂಗಸು ಇಪ್ಪತ್ತು ವರ್ಷ ಡೀಸೆಲ್ ಹೊಗೆಯಲ್ಲಿ ಕಳೆದವರು. ಈ ಮಸಿ ನನ್ನನ್ನು ನಡುನೀರಲ್ಲಿ ನಿಲ್ಲಿಸದಿದ್ದರೆ ಸಾಕು ಅಂತ ಮೊದಲ ದಿನದಿಂದ ಗೊಣಗುತ್ತಿದ್ದರು. ಆಚೆ ದಡ ಮುಟ್ಟಿದ ಮೇಲೆ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಇನ್ನೊಂದು ವಿಷಯ. ಮೇಡಂ ನಮ್ಮ ಕೆಲಸದ ಕ್ರಮವನ್ನು ಬರೆಸಿ ಗೋಡೆಗೆ ಹಾಕಿಸಿದ್ದಾರೆ. ಪ್ರತಿ ಸಾಲಿನ ಮುಂದೆ ಅದು ಎಲ್ಲಿಂದ ತಿಳಿದದ್ದು ಅಂತ ಬರೆಯುವುದು ನಮ್ಮ ಪದ್ಧತಿ, ಹೆಚ್ಚಾಗಿ ಯಾವುದಾದರೂ ಲೇಖನದ ಹೆಸರಿರುತ್ತದೆ. ಏಳನೇ ಸಾಲು ಹೀಗಿದೆ: ಅಂಟುನೀರು ಹಿಂದಿನ ದಿನವೇ ಯಂತ್ರದ ಪಕ್ಕಕ್ಕೆ ಬರಬೇಕು. ಅದರ ಮುಂದೆ: ಬಣ್ಣದ ಮೇಸ್ತ್ರಿ, ಮೂವತ್ತೆಂಟು ವರ್ಷದ ಅನುಭವ, ಎರಡು ಸಾವಿರ ಲೀಟರ್. ನಾನು ಸೇರಿಸಿದ್ದಲ್ಲ, ಮೇಡಂ ಅವರೇ. ಹೊಸಬರು ಬಂದರೆ ಮೊದಲು ಆ ಸಾಲನ್ನು ಓದಿಸುತ್ತಾರೆ.

ಮೇ ಐದಕ್ಕೆ ಜನರನ್ನು ಹತ್ತಿಸಿಕೊಂಡು ಮೊದಲ ಓಡಾಟ. ನೀವೂ ಅತ್ತೆಯೂ ಬರಲೇಬೇಕು. ಮೊಣಕಾಲು, ಶೀತ, ಬೆಕ್ಕಿಗೆ ಹಾಲು ಹಾಕುವವರಿಲ್ಲ, ಇದ್ಯಾವುದೂ ನಡೆಯುವುದಿಲ್ಲ.

ನಿಮಗಾಗಿ ಕುಂಟುವ ಕುರ್ಚಿಯನ್ನು ಸರಿಮಾಡಿಸಿರುವ,
ಮೆಣಸಿನಕಾಳು


ಮೇ 5

ಮೆಣಸಿನಕಾಳೇ,

ಇದನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ಕೊಡುತ್ತೇನೆ. ನಾವು ಆಚೆ ದಡದಲ್ಲಿದ್ದೇವೆ, ಬೋಟಿನೊಳಗೆ, ಎಡಗಡೆಯ ಬೆಂಚಿನ ಮೇಲೆ. ನಿನ್ನ ಅತ್ತೆ ನಿನಗೆ ಫೋನಿನಲ್ಲಿ ಸಂಜೆಯ ಬಸ್ಸಿಗೆ ಬರುತ್ತೇವೆ ಅಂದಿದ್ದು ಬೇಕೆಂದೇ. ಇಷ್ಟು ದಿನ ಗುಟ್ಟು ಇಟ್ಟುಕೊಂಡವರು ಇನ್ನೊಂದು ಇಟ್ಟುಕೊಂಡರೆ ಏನಂತೆ ಅಂದಳು. ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ಈ ದಡದಲ್ಲಿ ಇಳಿದು, ಎಲ್ಲರ ಜೊತೆ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡೆವು.

ನಿಲ್ದಾಣದ ಚಾವಣಿಯಿಂದ ವಿದ್ಯುತ್ತು ತುಂಬಿಸುವ ಒಂದು ದಪ್ಪ ಕೈ ಇಳಿದು ಬೋಟಿಗೆ ಕಚ್ಚಿಕೊಂಡಿದೆ. ಮುಂದೆ ಒಂದು ಫಲಕದಲ್ಲಿ ಹಸಿರು ಗೆರೆ ಮೇಲೇರುತ್ತಿದೆ. ನಾಲ್ಕು ನಿಮಿಷ ಅಂದಿದ್ದೆಯಲ್ಲ, ಅಷ್ಟರಲ್ಲಿ ಎಷ್ಟು ಬರೆಯಲು ಆಗುತ್ತದೋ ಅಷ್ಟು.

ಹತ್ತಿ ಕೂತಾಗಿನಿಂದ, ಆ ಕೈ ಇಳಿಯುವ ಮೊದಲು, ನಾನು ಕಾಲ ಕೆಳಗಿನ ಹಲಗೆಯನ್ನೇ ನೋಡುತ್ತಿದ್ದೆ, ನಿನ್ನ ಹಾಳೆಗಳು ಅದರ ಕೆಳಗಿವೆ ಅಂತ. ಪಕ್ಕದಲ್ಲಿ ತರಕಾರಿ ಚೀಲ ಇಟ್ಟುಕೊಂಡ ಹೆಂಗಸು, ಏನು ಬಿದ್ದುಹೋಯಿತು ಅಂತ ಎರಡು ಸಲ ಕೇಳಿದರು. ಏನೂ ಇಲ್ಲ ಅಂದೆ. ಮಾತಿಗೆ ಮಾತು ಬೆಳೆದು, ನೀವು ಏನು ಕೆಲಸ ಮಾಡುತ್ತಿದ್ದಿರಿ ಅಂದರು. ಹನ್ನೊಂದು ವರ್ಷದಿಂದ ಈ ಪ್ರಶ್ನೆಗೆ ರಿಟೈರ್ ಆಗಿದ್ದೇನೆ ಅಂದು ಮಾತು ತಿರುಗಿಸುತ್ತಿದ್ದೆ, ನಿನ್ನ ಅತ್ತೆಯೂ ತಕ್ಷಣ ಬೇರೆ ಏನಾದರೂ ಹೇಳಿ ಕಾಪಾಡುತ್ತಿದ್ದಳು. ಇವತ್ತೂ ಬಾಯಿ ತೆರೆಯಲು ಹೊರಟಳು. ನಾನು ಅವಳ ಕೈ ಮೇಲೆ ಕೈಯಿಟ್ಟೆ.

"ನಾನು ಬಣ್ಣದ ಮೇಸ್ತ್ರಿ," ಅಂದೆ. "ಒಂದ್ಸಲ ಎರಡು ಸಾವಿರ ಲೀಟರ್ ಹಳದಿ ಬಣ್ಣ ಹಾಳು ಮಾಡಿದೀನಿ, ಕೇಳ್ತೀರಾ?"

ಪೂರ್ತಿ ಹೇಳಿದೆ. ಮಂಜು, ಡ್ರಮ್ಮು, ರೈಲು, ನಿನ್ನ ಕರಿ ಹಿಟ್ಟು, ಎಲ್ಲ. ನನ್ನ ದನಿ ನನಗೇ ಗೊತ್ತಿಲ್ಲದಷ್ಟು ಜೋರು, ಇಡೀ ಬೋಟು ಕೇಳಿತು. ಆ ಹೆಂಗಸು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ನೀವು ಅವತ್ತು ಅರ್ಧ ಗಂಟೆ ಕಾದಿದ್ದರೆ ಇವತ್ತು ನಾವು ಡೀಸೆಲ್ ಹೊಗೆ ಕುಡಿಯುತ್ತಾ ಇರುತ್ತಿದ್ದೆವು ಅಂದರು. ನನಗೆ ಇದು ಹೊಳೆದೇ ಇರಲಿಲ್ಲ. ನಿನ್ನ ಅತ್ತೆ ಮುಖ ಆಚೆ ತಿರುಗಿಸಿ ನೀರು ನೋಡುತ್ತಿದ್ದಾಳೆ. ಅವಳು ಯಾವಾಗ ಅಳುತ್ತಾಳೆ ಅಂತ ನನಗೂ ಗೊತ್ತಾಗುತ್ತದೆ.

ಹಸಿರು ಗೆರೆ ತುದಿ ಮುಟ್ಟಿತು. ಆ ದಪ್ಪ ಕೈ ಮೇಲೆ ಹೋಯಿತು. ಬೋಟು ದಡ ಬಿಟ್ಟಿದೆ, ಅಕ್ಷರ ಅಲುಗಿದರೆ ನೀರಿನದ್ದು, ನನ್ನ ಕೈಯದಲ್ಲ. ಎದುರು ದಡದಲ್ಲಿ ಬಿಳಿ ಕೋಟಿನವರು ಕೈಗಡಿಯಾರ ನೋಡುತ್ತಿದ್ದಾರೆ. ಅವರ ಪಕ್ಕದಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ಬೋಟನ್ನೇ ನೋಡುತ್ತ ನಿಂತವಳು ನೀನು. ನಾವು ಇದರಲ್ಲೇ ಇದ್ದೇವೆ ಅಂತ ನಿನಗೆ ಇನ್ನೂ ಗೊತ್ತಿಲ್ಲ.